ಬಾಗಿಲು ಹಾಕಿ ಎನ್ನುತ್ತಿರುವ ಹಳೆಯ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಸದಸ್ಯರೇ,

ಕಳೆದ ಕೆಲವು ವಾರಗಳಿಂದ ಈ ರಾಜಕೀಯ ಚರ್ಚಾಕೂಟದ ಮಾಡರೇಟರುಗಳಾದ ನಮಗೆ ನೀವು ಕಳಿಸುತ್ತಿರುವ ಸಂದೇಶಗಳ ಸಾರ ಒಂದೇ: ‘ಬಾಗಿಲು ಹಾಕಿ, ಬಂದವರನ್ನು ಆಚೆ ದಬ್ಬಿ, ಇನ್ನೂ ಏನು ನೋಡುತ್ತಾ ಕೂತಿದ್ದೀರಿ?’ ಕೆಲವರು ಇದನ್ನು ಮರ್ಯಾದೆಯಿಂದ ಕೇಳಿದ್ದೀರಿ. ಕೆಲವರು ಕೇಳುವ ಗೋಜಿಗೇ ಹೋಗದೆ, ನಾವು ಎದುರು ಪಾಳಯಕ್ಕೆ ಮಾರಿಕೊಂಡಿದ್ದೇವೆ ಎಂದು ತೀರ್ಮಾನಿಸಿಬಿಟ್ಟಿದ್ದೀರಿ. (ಎದುರು ಪಾಳಯದಿಂದ ಬಂದವರು ಅದೇ ದಿನಗಳಲ್ಲಿ ನಮ್ಮನ್ನು ನಿಮ್ಮ ಬಾಲಬಡುಕರು ಎಂದು ಕರೆದಿದ್ದಾರೆ. ಎರಡೂ ಸಂದೇಶಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದುವುದೊಂದೇ ಈ ಕೆಲಸದಲ್ಲಿ ಸಿಗುವ ಮನರಂಜನೆ.) ಒಬ್ಬೊಬ್ಬರಿಗೂ ಬೇರೆಬೇರೆ ಉತ್ತರ ಬರೆಯುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಆದ್ದರಿಂದ ಎಲ್ಲರೂ ಓದುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ. ಹೊಸದಾಗಿ ಬಂದವರೂ ಓದಲಿ, ಇದರಲ್ಲಿ ಗುಟ್ಟೇನೂ ಇಲ್ಲ.

ನಡೆದದ್ದು ನಿಮಗೆ ಗೊತ್ತಿರುವುದೇ. ನಮ್ಮಲ್ಲಿ ನಡೆದ ಒಂದು ಚರ್ಚೆಯ ಸ್ಕ್ರೀನ್‌ಶಾಟನ್ನು ಯಾರೋ ಬೇರೆಡೆಗೆ ಒಯ್ದು, ಮೇಲೊಂದು ಕುಹಕದ ಸಾಲು ಸೇರಿಸಿ, ಕೆಳಗೆ ನಮ್ಮ ವಿಳಾಸ ಹಾಕಿದರು. ಸಾಮಾನ್ಯವಾಗಿ ತಿಂಗಳುಗಟ್ಟಲೆ ಸಮಯದಲ್ಲಿ ಬರುವಷ್ಟು ಹೊಸ ಖಾತೆಗಳು ಕೆಲವೇ ದಿನಗಳಲ್ಲಿ ಬಂದು ಕೂತವು. ಅದರ ಮೇಲೆ ಚುನಾವಣೆಯ ಕಾವು ಬೇರೆ. ಬಂದವರಲ್ಲಿ ಕಾಲು ಕೆರೆದು ಜಗಳಕ್ಕೆ ನಿಲ್ಲುವವರಿದ್ದಾರೆ. ತಮಾಷೆ ನೋಡಲು ಬಂದವರಿದ್ದಾರೆ. ‘ಸುಮ್ಮನೆ ಕೇಳಿದೆ ಅಷ್ಟೇ’ ಎನ್ನುತ್ತಾ ಒಂದೇ ಪ್ರಶ್ನೆಯನ್ನು ಹತ್ತು ವೇಷದಲ್ಲಿ ಕೇಳಿ, ಉತ್ತರ ಕೊಟ್ಟವರ ತಾಳ್ಮೆ ಒಡೆಯುವುದನ್ನೇ ಕಾಯುವವರಿದ್ದಾರೆ. ಜೊತೆಗೆ, ನಮ್ಮಲ್ಲಿ ಬಹುಪಾಲು ಜನ ನಂಬಿರುವ ನಿಲುವನ್ನು ನಿಜಕ್ಕೂ ಒಪ್ಪದೆ, ಯಾಕೆ ಒಪ್ಪುವುದಿಲ್ಲ ಎಂದು ಹೇಳಲು ಬಂದವರೂ ಇದ್ದಾರೆ. ಈ ಕೊನೆಯವರನ್ನು ನೀವು ಲೆಕ್ಕಕ್ಕೇ ಹಿಡಿಯುತ್ತಿಲ್ಲ. ನಮ್ಮ ತಕರಾರು ಶುರುವಾಗುವುದೇ ಅಲ್ಲಿಂದ.

ನೀವು ಕೇಳುತ್ತಿರುವುದನ್ನು ಮೆತ್ತಗೆ ಮಾಡದೆ ಹೇಳುವುದಾದರೆ ಹೀಗಾಗುತ್ತದೆ: ಎದುರು ಪಕ್ಷದ ವಾಸನೆ ಬರುವ ಖಾತೆಗಳನ್ನೆಲ್ಲ ಒಂದೇ ಏಟಿಗೆ ಬ್ಯಾನ್ ಮಾಡಿ. ನಾವು ಅದನ್ನು ಮಾಡುವುದಿಲ್ಲ. ನಮ್ಮದು ಒಂದು ಪಕ್ಷದ ಕಾರ್ಯಕರ್ತರ ಗುಂಪಾಗಿದ್ದರೆ ಮಾತು ಬೇರೆ. ಪ್ರಚಾರದ ಕೆಲಸ ಹಂಚಿಕೊಳ್ಳಲು ಸೇರಿದ ಗುಂಪಿಗೆ ವಿರೋಧಿಗಳನ್ನು ಕೂರಿಸಿಕೊಂಡು ವಾದ ಕೇಳುವ ಹಂಗಿಲ್ಲ, ‘ಇದು ನಮ್ಮವರ ಜಾಗ’ ಎಂದು ಬೋರ್ಡು ಹಾಕಿಕೊಂಡರೆ ಅದರಲ್ಲಿ ತಪ್ಪೂ ಇಲ್ಲ. ಆದರೆ ನಮ್ಮ ಬೋರ್ಡಿನಲ್ಲಿ ಇರುವುದು ‘ರಾಜಕೀಯ ಚರ್ಚೆ’ ಎಂದು. ನಿಮ್ಮಲ್ಲಿ ಅನೇಕರು ಇಲ್ಲಿಗೆ ಬಂದದ್ದು ಆ ಬೋರ್ಡನ್ನು ಓದಿಯೇ. ಬೋರ್ಡಿನಲ್ಲಿ ಒಂದು ಬರೆದು ಒಳಗೆ ಇನ್ನೊಂದು ನಡೆಸಿದರೆ, ಹೊರಗಿನವರು ಹಾಕಿದ ಆ ಕುಹಕದ ಸಾಲನ್ನು ನಾವೇ ನಿಜ ಮಾಡಿದಂತಾಗುತ್ತದೆ.

ಹಾಗೆಂದು ಕೈಕಟ್ಟಿ ಕೂತಿರುವುದೂ ಉತ್ತರವಲ್ಲ. ಹೊಸಬರ ನೆರೆಗೆ ಸಿಕ್ಕಿ ಕೆಟ್ಟುಹೋದ ಕೂಟಗಳ ಕತೆ ಇಂಟರ್ನೆಟ್ಟಿನಷ್ಟೇ ಹಳೆಯದು. 1980ರಲ್ಲಿ ಶುರುವಾದ ಯೂಸ್‌ನೆಟ್ ಎಂಬ ಕಂಪ್ಯೂಟರ್ ಜಾಲದ ಚರ್ಚಾಗುಂಪುಗಳಿಗೆ ಪ್ರತಿ ಸೆಪ್ಟೆಂಬರ್‌ನಲ್ಲಿ, ವಿಶ್ವವಿದ್ಯಾಲಯಗಳಿಗೆ ಸೇರಿ ಮೊದಲ ಬಾರಿಗೆ ಸಂಪರ್ಕ ಪಡೆದ ವಿದ್ಯಾರ್ಥಿಗಳು ದಾಂಗುಡಿ ಇಡುತ್ತಿದ್ದರು. ಒಂದೆರಡು ತಿಂಗಳು ಗದ್ದಲ. ಅಷ್ಟರಲ್ಲಿ ಅವರು ಅಲ್ಲಿನ ರೀತಿರಿವಾಜು ಕಲಿತುಕೊಳ್ಳುತ್ತಿದ್ದರು, ಇಲ್ಲವೇ ಬೇಸತ್ತು ಹೋಗುತ್ತಿದ್ದರು. 1993–94ರ ಸುಮಾರಿಗೆ ಎಒಎಲ್‌ನಂಥ, ಮನೆಮನೆಗೆ ಸಂಪರ್ಕ ಕೊಡುವ ಕಂಪನಿಗಳ ಚಂದಾದಾರರಿಗೂ ಯೂಸ್‌ನೆಟ್ ತೆರೆದುಕೊಂಡ ಮೇಲೆ ಆ ಲಯ ತಪ್ಪಿತು. ಹೊಸಬರು ಬರುವುದು ನಿಲ್ಲಲೇ ಇಲ್ಲ. ಹಳಬರು 1993ರ ಸೆಪ್ಟೆಂಬರನ್ನು ‘ಮುಗಿಯದ ಸೆಪ್ಟೆಂಬರ್’ ಎಂದು ಕರೆದರು, ಆ ಹೆಸರು ಇಂದಿಗೂ ಬಳಕೆಯಲ್ಲಿದೆ.

ಆ ಕತೆಯನ್ನು ನನಗೆ ಕಳಿಸಿಕೊಟ್ಟವರು ನಿಮ್ಮಲ್ಲೇ ಒಬ್ಬರು, ಎಚ್ಚರಿಕೆಯೆಂಬಂತೆ. ಆದರೆ ಅದನ್ನು ಇನ್ನೊಮ್ಮೆ ಓದಿ ನೋಡಿ. 1992ರ ಸೆಪ್ಟೆಂಬರ್‌ನಲ್ಲಿ ಬಂದವರು 1994ರಲ್ಲಿ ಬಂದವರಿಗಿಂತ ಸಭ್ಯರೇನೂ ಆಗಿರಲಿಲ್ಲ. ಅವರಿಗೆ ಕಲಿಯಲು ಬಿಡುವು ಸಿಕ್ಕಿತ್ತು, ಇವರಿಗೆ ಸಿಗಲಿಲ್ಲ. ಒಂದು ಕೂಟದಲ್ಲಿ ಹೇಗೆ ಮಾತಾಡಬೇಕು ಎನ್ನುವುದನ್ನು ಯಾರೂ ನಿಯಮಾವಳಿ ಓದಿ ಕಲಿಯುವುದಿಲ್ಲ, ಸುತ್ತಲಿನವರನ್ನು ನೋಡಿ ಕಲಿಯುತ್ತಾರೆ. ಹತ್ತು ಹಳಬರ ನಡುವೆ ಒಬ್ಬ ಹೊಸಬನಿದ್ದರೆ ಅವನು ಹಳಬರನ್ನು ನೋಡಿ ಕಲಿಯುತ್ತಾನೆ. ಒಬ್ಬ ಹಳಬನ ಸುತ್ತ ಹತ್ತು ಹೊಸಬರಿದ್ದರೆ ಅವರು ಒಬ್ಬರನ್ನೊಬ್ಬರು ನೋಡಿ ಕಲಿಯುತ್ತಾರೆ, ಸ್ವಲ್ಪ ದಿನ ಕಳೆದರೆ ಹಳಬನೂ ಅವರನ್ನೇ ನೋಡಿ ಕಲಿಯುತ್ತಾನೆ. ಈಗ ನಮ್ಮಲ್ಲಿ ಆಗುತ್ತಿರುವುದು ಇದೇ. ಹಾಗಾಗಿ ನಾವು ಹಿಡಿತಕ್ಕೆ ತರಬೇಕಾದದ್ದು ಬಂದವರ ಅಭಿಪ್ರಾಯವನ್ನಲ್ಲ, ಬರುವ ವೇಗವನ್ನು. ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದೂ ಬಹುತೇಕ ಇಷ್ಟೇ.

ವೇಗ ಇಳಿಸಲು ಕೆಲವು ಕ್ರಮಗಳನ್ನು ಈಗಾಗಲೇ ಜಾರಿಗೆ ತಂದಿದ್ದೇವೆ. ಹೊಸ ಖಾತೆಯಿಂದ ಎಲ್ಲವನ್ನೂ ತಕ್ಷಣ ಓದಬಹುದು, ಬರೆಯಲು ಮಾತ್ರ ಕೆಲವು ದಿನ ಕಾಯಬೇಕು. ಬಿಸಿಯೇರಿದ ಥ್ರೆಡ್ಡುಗಳಲ್ಲಿ (ಒಂದೊಂದು ವಿಷಯದ ಚರ್ಚಾಸರಣಿಗಳಲ್ಲಿ) ಸ್ಲೋ ಮೋಡ್ ಹಾಕಿದ್ದೇವೆ, ಅಂದರೆ ಒಬ್ಬರು ಒಂದು ಕಾಮೆಂಟ್ ಹಾಕಿದ ಮೇಲೆ ಇನ್ನೊಂದಕ್ಕೆ ನಿಗದಿತ ಹೊತ್ತು ತಾಳಬೇಕು. ಇದು ನಿಮಗೂ ಅನ್ವಯ, ಗೊಣಗಬೇಡಿ. ಹೊಸ ಖಾತೆಯಿಂದ ಚಿತ್ರ, ಲಿಂಕ್ ಹಾಕುವಂತಿಲ್ಲ. ಇವುಗಳಲ್ಲಿ ಯಾವುದೂ ನೀವು ಯಾರಿಗೆ ಮತ ಹಾಕುತ್ತೀರಿ ಎಂದು ಕೇಳುವುದಿಲ್ಲ ಎನ್ನುವುದನ್ನು ಗಮನಿಸಿ. ಈ ಬಗೆಯ ಬೇಲಿಗೆ ವಿಕಿಪೀಡಿಯಾ ಒಳ್ಳೆಯ ಮಾದರಿ. ಅಲ್ಲಿ 2005ರ ಡಿಸೆಂಬರ್‌ನಿಂದ, ವಿವಾದಕ್ಕೆ ಸಿಕ್ಕ ಪುಟಗಳಿಗೆ ಅರೆ ರಕ್ಷಣೆ ಕೊಡುವ ಪದ್ಧತಿ ಇದೆ. ಅಂಥ ಪುಟವನ್ನು ತಿದ್ದಲು ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಇಂದು ಖಾತೆಗೆ ನಾಲ್ಕು ದಿನ ವಯಸ್ಸಾಗಿರಬೇಕು, ಹತ್ತು ತಿದ್ದುಪಡಿ ಮಾಡಿರಬೇಕು. ನಾಲ್ಕು ದಿನ ಎಂದರೆ ಏನೂ ಅಲ್ಲ. ಆದರೆ ಕೋಪದಲ್ಲಿ ಓಡಿಬಂದವನಿಗೆ ನಾಲ್ಕು ದಿನ ಬಹಳ ದೊಡ್ಡದು. ಅಷ್ಟರೊಳಗೆ ಕೋಪಕ್ಕೆ ಬೇರೊಂದು ಗುರಿ ಸಿಕ್ಕಿರುತ್ತದೆ. ನಿಜವಾಗಿ ಮಾತಾಡಬೇಕೆಂದು ಬಂದವನು ಐದನೆಯ ದಿನವೂ ಬರುತ್ತಾನೆ.

ನಿಯಮಗಳನ್ನು ಪ್ರತಿ ಥ್ರೆಡ್ಡಿನ ನೆತ್ತಿಯ ಮೇಲೆ ಅಂಟಿಸಿರುವುದನ್ನು ನೋಡಿ ಕೆಲವರು ನಕ್ಕಿದ್ದೀರಿ: ‘ದರೋಡೆಗೆ ಬಂದವರು ಬೋರ್ಡು ಓದುತ್ತಾರಾ?’ ದರೋಡೆಗೆ ಬಂದವರು ಓದುವುದಿಲ್ಲ. ಉಳಿದವರು ಓದುತ್ತಾರೆ. ರೆಡಿಟ್ ಎಂಬ ಚರ್ಚಾತಾಣದ ವಿಜ್ಞಾನ ಸಮುದಾಯದ 2,190 ಚರ್ಚೆಗಳಲ್ಲಿ ನೇಥನ್ ಮಟಾಯಸ್ ಎಂಬ ಸಂಶೋಧಕರು ಇದನ್ನೇ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ಕೆಲವು ಚರ್ಚೆಗಳ ಮೇಲೆ ನಿಯಮಗಳನ್ನು ಅಂಟಿಸಿದ್ದರು, ಕೆಲವಕ್ಕೆ ಇಲ್ಲ. ನಿಯಮ ಕಣ್ಣಿಗೆ ಬೀಳುವಂತಿದ್ದ ಕಡೆ, ಹೊಸಬರು ನಿಯಮ ಪಾಲಿಸುವ ಸಾಧ್ಯತೆ 8 ಶೇಕಡಾಂಶಕ್ಕೂ ಹೆಚ್ಚು ಏರಿತು. ಇನ್ನೊಂದು ಫಲಿತಾಂಶವನ್ನು ನಾನಂತೂ ನಿರೀಕ್ಷಿಸಿರಲಿಲ್ಲ: ಮಾತಿಗಿಳಿದ ಹೊಸಬರ ಸಂಖ್ಯೆ ಸರಾಸರಿ ಶೇ. 70ರಷ್ಟು ಹೆಚ್ಚಿತು. ಕಟ್ಟುಪಾಡು ಇದೆ ಎಂದು ಗೊತ್ತಾದ ಕಡೆ ಜನಕ್ಕೆ ಬಾಯಿ ತೆರೆಯಲು ಧೈರ್ಯ ಬರುತ್ತದೆ ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ. ವಿಜ್ಞಾನದ ಚರ್ಚೆಗೂ ಚುನಾವಣೆ ಹೊತ್ತಿನ ಚರ್ಚೆಗೂ ವ್ಯತ್ಯಾಸವಿದೆ, ಒಪ್ಪುತ್ತೇನೆ. ಆದರೂ ಒಂದು ಪ್ಯಾರಾ ಅಂಟಿಸುವ ಖರ್ಚಿಗೆ ಇಷ್ಟು ಸಿಗುವುದಾದರೆ ಬೇಡ ಎನ್ನುವುದೇಕೆ?

ಬೇಲಿಯ ವಿಷಯದಲ್ಲಿ ಭಯವೂ ಇದೆ. ಅದನ್ನೂ ವಿಕಿಪೀಡಿಯಾವೇ ಕಲಿಸಿದೆ. ಹಾಳು ತಿದ್ದುಪಡಿಗಳ ಹಾವಳಿ ತಡೆಯಲು ಅಲ್ಲಿ ಕಟ್ಟಿಕೊಂಡ ಸ್ವಯಂಚಾಲಿತ ಸಾಧನಗಳು, ಒಳ್ಳೆಯ ಮನಸ್ಸಿನಿಂದ ಬಂದು ಏನೋ ಎಡವಿದ ಹೊಸಬರನ್ನೂ ಅದೇ ರಭಸದಲ್ಲಿ ತಳ್ಳತೊಡಗಿದವು. 2007ರ ನಂತರ ಇಂಗ್ಲಿಷ್ ವಿಕಿಪೀಡಿಯಾದ ಸಕ್ರಿಯ ಸಂಪಾದಕರ ಸಂಖ್ಯೆ ಇಳಿಮುಖವಾಗಲು ಇದೂ ಒಂದು ಮುಖ್ಯ ಕಾರಣ ಎಂದು 2013ರಲ್ಲಿ ಏರನ್ ಹಾಫೇಕರ್ ಮತ್ತು ಸಂಗಡಿಗರು ತೋರಿಸಿದರು. ದಾಳಿಯ ದಿನಗಳಿಗೆಂದು ಹಾಕಿದ ಬೇಲಿ ದಾಳಿ ಮುಗಿದ ಮೇಲೂ ಉಳಿದುಬಿಡುತ್ತದೆ, ಯಾಕೆಂದರೆ ಅದನ್ನು ತೆಗೆಯಿರಿ ಎಂದು ಕೂಗಬೇಕಾದವರು ಒಳಗೆ ಬಂದೇ ಇರುವುದಿಲ್ಲ. ಅದಕ್ಕೇ ನಮ್ಮ ಪ್ರತಿಯೊಂದು ಕ್ರಮಕ್ಕೂ ಒಂದು ಮುಗಿಯುವ ದಿನಾಂಕ ಇಟ್ಟಿದ್ದೇವೆ. ಆ ದಿನ ನಾವು ಮತ್ತೆ ಕೂತು, ಮುಂದುವರಿಸಲು ಕಾರಣ ಬರೆದು, ಮುಂದುವರಿಸಬೇಕು. ಬರೆಯದಿದ್ದರೆ ಕ್ರಮ ತಾನಾಗಿ ಬಿದ್ದುಹೋಗುತ್ತದೆ.

ಇನ್ನು ನಿಮ್ಮ ವಿಷಯಕ್ಕೆ ಬರುತ್ತೇನೆ. ಈ ಪತ್ರ ನಿಮಗೆ ಬರೆದದ್ದು, ಹೊಸಬರಿಗಲ್ಲ.

ರೆಡಿಟ್‌ನ 36,000 ಸಮುದಾಯಗಳು ಒಂದರ ಮೇಲೊಂದು ಏರಿಹೋದ ಪ್ರಸಂಗಗಳನ್ನು ಜೋಡಿಸಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶೇ. 1ಕ್ಕಿಂತ ಕಡಿಮೆ ಸಮುದಾಯಗಳು ಶೇ. 74ರಷ್ಟು ಜಗಳಗಳನ್ನು ಹುಟ್ಟುಹಾಕಿದ್ದವು. ಕಿಡಿ ಹಚ್ಚುವವರು ತಮ್ಮ ಸಮುದಾಯದಲ್ಲಿ ಬಹಳ ಚುರುಕಾಗಿರುವ ಕೆಲವೇ ಜನ. ಬಂದು ಗಲಾಟೆ ಮಾಡುವವರು ಅಲ್ಲಿ ಅಷ್ಟೇನೂ ಚಟುವಟಿಕೆ ಇಲ್ಲದವರು. ಅಂದರೆ ನಿಮಗೆ ಎದುರಾಳಿಯ ಸೈನ್ಯದಂತೆ ಕಾಣುತ್ತಿರುವುದರಲ್ಲಿ ಹೆಚ್ಚಿನವರು ಯಾರೋ ಕೂಗಿದರೆಂದು ಎದ್ದುಬಂದವರು, ನಾಳೆ ಇನ್ಯಾರೋ ಕೂಗಿದರೆ ಅತ್ತ ಹೋಗುವವರು. ಅದೇ ಅಧ್ಯಯನದ ಇನ್ನೊಂದು ಮಾತು ನಮಗೆ ಮುಖ್ಯ. ಇಂಥ ಜಗಳಗಳಲ್ಲಿ ಎರಡೂ ಕಡೆಯವರು ಬಹುಪಾಲು ತಮ್ಮತಮ್ಮವರ ಜೊತೆಗೇ ಮಾತಾಡಿಕೊಳ್ಳುತ್ತಾರೆ. ದಾಳಿಗೆ ಸಿಕ್ಕ ಸಮುದಾಯದ ಸದಸ್ಯರು ಕಾಲಾಂತರದಲ್ಲಿ ಬರೆಯುವುದನ್ನೇ ಕಡಿಮೆ ಮಾಡುತ್ತಾರೆ. ದಾಳಿ ಮಾಡಿದವರೂ ಎದುರಿಸಿದವರೂ ನೇರವಾಗಿ ಮಾತಿಗೆ ಕೂತಷ್ಟೂ ಹಾನಿ ತಗ್ಗಬಹುದು ಎಂದು ಸಂಶೋಧಕರು ಸೂಚಿಸುತ್ತಾರೆ.

ನೇರ ಮಾತು ಎಂದರೆ ಏನೆಂದು ನಮ್ಮಲ್ಲಿ ಗೊಂದಲವಿದೆ. ಹೊಸಬನೊಬ್ಬ ಅಸಂಬದ್ಧವಾದ ಒಂದು ಸಾಲು ಹಾಕಿದ ಕೂಡಲೇ ಇಪ್ಪತ್ತು ಜನ ಅವನ ಮೇಲೆ ಬೀಳುವುದು ನೇರ ಮಾತಲ್ಲ. ಅವನು ಕೂಗಿದ್ದಕ್ಕೆ ಇನ್ನೂ ಜೋರಾಗಿ ಕೂಗುವುದೂ ಅಲ್ಲ. ಇಪ್ಪತ್ತನೆಯ ಉತ್ತರದಲ್ಲಿ ಹೊಸ ವಾದ ಇರುವುದಿಲ್ಲ, ಹತ್ತೊಂಬತ್ತನೆಯದಕ್ಕಿಂತ ಚುರುಕಾದ ಬೈಗುಳ ಇರುತ್ತದೆ. ಅದರ ಸ್ಕ್ರೀನ್‌ಶಾಟ್ ಮತ್ತೆ ಹೊರಗೆ ಹೋಗುತ್ತದೆ, ಮುಂದಿನ ಗುಂಪು ಬರುತ್ತದೆ. ಒಬ್ಬರು ಉತ್ತರ ಕೊಟ್ಟಿದ್ದರೆ, ಅದು ಸಾಕಾಗುವಂತಿದ್ದರೆ, ಉಳಿದವರು ಅದಕ್ಕೊಂದು ಮೆಚ್ಚುಗೆ ಒತ್ತಿ ಮುಂದೆ ಹೋಗಿ ಎಂದು ನಾವು ಕೇಳುತ್ತಿರುವುದು ಅದಕ್ಕಾಗಿ. ಉತ್ತರ ಪಡೆದ ಪ್ರಶ್ನೆಯನ್ನೇ ಮತ್ತೆಮತ್ತೆ ಕೇಳುವವರನ್ನು ತಡೆಯುವುದು ನಮ್ಮ ಕೆಲಸ. ಒಮ್ಮೆ ತೃಪ್ತಿಕರವಾಗಿ ಉತ್ತರಿಸಿದ್ದನ್ನು ಮತ್ತೆ ಎತ್ತಿದರೆ ಆ ಹಳೆಯ ಉತ್ತರದ ಕೊಂಡಿ ಹಾಕಿ ಥ್ರೆಡ್ ಮುಚ್ಚುತ್ತೇವೆ. ಈ ನಿಯಮವೂ ನಿಮಗೆ ಅನ್ವಯಿಸುತ್ತದೆ. ನಿಮ್ಮಲ್ಲಿ ಕೆಲವರಿಗೆ ಹಳೆಯ ಒಂದು ಮೈತ್ರಿ ಮುರಿದದ್ದು ಇನ್ನೂ ಮುರಿಯುತ್ತಲೇ ಇದೆ.

‘ಅವರು ಹುಟ್ಟು ಟ್ರೋಲುಗಳು, ನಾವು ಕೆಣಕಿದಾಗ ಮಾತ್ರ ತಿರುಗಿಬೀಳುವವರು’ ಎನ್ನುವ ವಿಂಗಡಣೆ ನಿಮ್ಮ ಸಂದೇಶಗಳಲ್ಲಿ ತುಂಬಿದೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್‌ನ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ಸುಲಭದ ಪರೀಕ್ಷೆ, ಕೆಲವರಿಗೆ ತಲೆಕೆಡಿಸುವಂಥ ಪರೀಕ್ಷೆ ಕೊಟ್ಟು, ಆಮೇಲೆ ಒಂದು ಸುದ್ದಿ ಲೇಖನ ಓದಿಸಿ ಕಾಮೆಂಟ್ ಬರೆಯಲು ಹೇಳಿದರು. ಲೇಖನದ ಕೆಳಗೆ ಕೆಲವರಿಗೆ ಸಭ್ಯ ಕಾಮೆಂಟುಗಳು, ಕೆಲವರಿಗೆ ಟ್ರೋಲ್ ಕಾಮೆಂಟುಗಳು ಮೊದಲೇ ಕಾಣುತ್ತಿದ್ದವು. ಮನಸ್ಸು ತಿಳಿಯಾಗಿದ್ದು, ಸಭ್ಯ ಕಾಮೆಂಟುಗಳನ್ನು ನೋಡಿದವರಲ್ಲಿ ಸುಮಾರು ಶೇ. 35 ಮಂದಿ ಟ್ರೋಲ್ ಎನ್ನಬಹುದಾದದ್ದನ್ನು ಬರೆದರು. ಮನಸ್ಸು ಕೆಟ್ಟಿದ್ದು, ಟ್ರೋಲ್ ಕಾಮೆಂಟುಗಳನ್ನೂ ನೋಡಿದವರಲ್ಲಿ ಆ ಪ್ರಮಾಣ ಶೇ. 68. ಅವರು ಯಾವ ಪಾಳಯದವರೂ ಅಲ್ಲ, ಸಾಮಾನ್ಯ ಜನ. ಚುನಾವಣೆಯ ಹೊತ್ತಿನಲ್ಲಿ, ದಿನದ ಕೆಲಸ ಮುಗಿಸಿ ಸುಸ್ತಾಗಿ, ಬೈಗುಳದ ಥ್ರೆಡ್ ತೆರೆಯುವ ನೀವೂ ನಾನೂ ಆ ಎರಡನೆಯ ಗುಂಪಿನಲ್ಲಿ ಕೂತಿರುತ್ತೇವೆ. ತೀರಾ ಕೊಳಕು ಕಾಮೆಂಟನ್ನು ನಾವು ಬೇಗ ತೆಗೆಯುವುದು ಬರೆದವನಿಗೆ ಶಿಕ್ಷೆಯಾಗಲಿ ಎಂದಷ್ಟೇ ಅಲ್ಲ, ಅದು ಅಲ್ಲೇ ಇದ್ದರೆ ಕೆಳಗೆ ನೀವು ಏನು ಬರೆಯುತ್ತೀರಿ ಎನ್ನುವ ಅಂಜಿಕೆಯಿಂದಲೂ ಹೌದು.

ಇವೆಲ್ಲಕ್ಕಿಂತ ನನ್ನನ್ನು ಕಾಡುತ್ತಿರುವುದು ಬೇರೆ. ನಮ್ಮ ಕೂಟದಲ್ಲಿ ವರ್ಷಗಳಿಂದ ಇರುವ, ವರ್ಷಗಳಿಂದ ಬಹುಮತದ ವಿರುದ್ಧ ಮಾತಾಡುತ್ತಲೇ ಬಂದಿರುವ ಸದಸ್ಯೆಯೊಬ್ಬರಿದ್ದಾರೆ. ಪಕ್ಷಗಳ ದೇಣಿಗೆಯ ಬಗ್ಗೆ ಅವರಷ್ಟು ಓದಿಕೊಂಡವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಈಚೆಗೆ ಅವರು ಯಾವಾಗಿನಂತೆ ಒಂದು ಆಕ್ಷೇಪ ಬರೆದರು. ಕೆಳಗೆ ಬಂದ ಮೊದಲ ಪ್ರಶ್ನೆ: ‘ನಿಮ್ಮನ್ನು ಕಳಿಸಿದವರು ಯಾರು?’ ಕೇಳಿದವರು ಹೊಸಬರಲ್ಲ. ಅವರ ಹಳೆಯ ಪೋಸ್ಟುಗಳನ್ನು ಕೆದಕಿ ‘ನೋಡಿ, ಮೊದಲಿಂದಲೂ ಹೀಗೇ’ ಎಂದು ಸಾಕ್ಷಿ ಕಲೆಹಾಕಿದವರೂ ಹೊಸಬರಲ್ಲ. ಮೊದಲಿಂದಲೂ ಹೀಗೇ ಇದ್ದರು, ನಿಜ. ಅದಕ್ಕೇ ಅಲ್ಲವೇ ಅವರ ಮಾತಿಗೆ ಬೆಲೆ ಇದ್ದದ್ದು? ಆ ದಿನದಿಂದ ಅವರು ಏನನ್ನೂ ಬರೆದಿಲ್ಲ. ಹೊರಗಿನಿಂದ ಬಂದವರು ಇಷ್ಟು ದಿನ ಬೊಬ್ಬೆ ಹೊಡೆದರೂ ಒಬ್ಬ ಹಳೆಯ ಸದಸ್ಯರನ್ನೂ ಓಡಿಸಲು ಆಗಿರಲಿಲ್ಲ. ಅದು ನಿಮ್ಮಿಂದ ಒಂದೇ ಸಂಜೆಯಲ್ಲಿ ಆಯಿತು.

ನಿಷ್ಠೆಯ ಪರೀಕ್ಷೆ ಹೊಸಬರಿಗೆ ಮಾತ್ರ ಎಂದು ಶುರುವಾಗುತ್ತದೆ, ಆದರೆ ಪರೀಕ್ಷೆಯಲ್ಲಿ ಬೀಳುವವರು ಯಾವಾಗಲೂ ನಮ್ಮೊಳಗಿನ ಭಿನ್ನಮತದವರು. ದಾಳಿಕೋರನಿಗೆ ಘೋಷಣೆಗಳನ್ನು ಕಂಠಪಾಠ ಮಾಡುವುದು ಕಷ್ಟವಲ್ಲ, ಒಂದು ಧ್ವಜದ ಚಿತ್ರ ಹಾಕಿಕೊಂಡು ನಿಮಗಿಂತ ಜೋರಾಗಿ ಜೈಕಾರ ಹಾಕಬಲ್ಲ. ಅಂಥ ಒಂದೆರಡು ಖಾತೆಗಳು ನಿಮ್ಮ ಗುಂಪಿನಲ್ಲಿ ಈಗಲೇ ಇದ್ದು, ‘ಬಾಗಿಲು ಹಾಕಿ’ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದರೂ ನನಗೆ ಆಶ್ಚರ್ಯವಿಲ್ಲ. ಪ್ರಾಮಾಣಿಕವಾಗಿ ಒಪ್ಪದವನಿಗೆ ಮಾತ್ರ ಸುಳ್ಳು ಜೈಕಾರ ಹಾಕಲು ಬಾಯಿ ಬರುವುದಿಲ್ಲ.

ನಿಮ್ಮಲ್ಲಿ ಐದಾರು ಮಂದಿ ದಾರ್ಶನಿಕ ಕಾರ್ಲ್ ಪಾಪರ್ 1945ರಲ್ಲಿ ಬರೆದ ಒಂದು ಅಡಿಟಿಪ್ಪಣಿಯನ್ನು ಕಳಿಸಿದ್ದೀರಿ: ಅಸಹನೆಯನ್ನೂ ಸಹಿಸಿಕೊಂಡರೆ ಸಹನೆಯೇ ಉಳಿಯುವುದಿಲ್ಲ ಎಂಬುದನ್ನು. ಚಿತ್ರದ ರೂಪದಲ್ಲಿ ಓಡಾಡುವ ಆ ಟಿಪ್ಪಣಿಯಲ್ಲಿ ಸಾಮಾನ್ಯವಾಗಿ ಕತ್ತರಿಸಿ ಬಿಟ್ಟಿರುವ ಭಾಗವೂ ಒಂದಿದೆ. ಅಂಥ ವಿಚಾರಗಳನ್ನು ತರ್ಕದಿಂದ ಎದುರಿಸಲು, ಸಾರ್ವಜನಿಕ ಅಭಿಪ್ರಾಯದಿಂದ ಹಿಡಿತದಲ್ಲಿಡಲು ಸಾಧ್ಯವಿರುವವರೆಗೆ ಅವುಗಳ ಬಾಯಿ ಮುಚ್ಚಿಸುವುದು ಅವಿವೇಕ ಎಂದು ಅವರು ಅಲ್ಲೇ ಹೇಳುತ್ತಾರೆ. ಬಲಪ್ರಯೋಗದ ಹಕ್ಕನ್ನು ಅವರು ಉಳಿಸಿಕೊಳ್ಳುವುದು, ವಾದಕ್ಕೆ ಮುಷ್ಟಿಯಿಂದ ಉತ್ತರ ಕೊಡುವವರ ವಿರುದ್ಧ. ನಮ್ಮ ಗೆರೆಯೂ ಅಲ್ಲೇ ಇದೆ. ಬೆದರಿಕೆ, ಖಾಸಗಿ ವಿವರ ಬಯಲು ಮಾಡುವುದು, ಒಬ್ಬರ ಹಿಂದೆ ಬಿದ್ದು ಕಾಡುವುದು, ಹುಟ್ಟಿನ ಕಾರಣಕ್ಕೆ ಹೀಯಾಳಿಸುವುದು: ಇವಕ್ಕೆ ಎರಡನೆಯ ಅವಕಾಶವಿಲ್ಲ, ಅದೇ ಕ್ಷಣ ಆಚೆಗೆ. ಉಳಿದ ತಪ್ಪುಗಳಿಗೆ ಮೊದಲು ಎಚ್ಚರಿಕೆ, ಆಮೇಲೆ ಒಂದು ದಿನದ ಬ್ಯಾನ್, ಆಮೇಲೆ ಒಂದು ವಾರದ್ದು. ರಾಜಕೀಯ ವಿಜ್ಞಾನಿ ಎಲಿನಾರ್ ಆಸ್ಟ್ರಮ್ ನೀರು, ಮೀನು, ಕಾಡುಗಳನ್ನು ಹಂಚಿಕೊಂಡು ಬಾಳಿದ ಊರುಗಳಲ್ಲಿ ಕಂಡದ್ದೂ ಇದನ್ನೇ. ಬಹುಕಾಲ ಉಳಿದ ಕಡೆಗಳಲ್ಲಿ ದಂಡನೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು, ಜಗಳ ಬಗೆಹರಿಸುವ ವ್ಯವಸ್ಥೆ ಹತ್ತಿರದಲ್ಲೂ ಅಗ್ಗವಾಗಿಯೂ ಇರುತ್ತಿತ್ತು.

ಇನ್ನು ‘ಮತಕ್ಕೆ ಹಾಕಿ, ಬಹುಮತ ಹೇಳಿದಂತೆ ಮಾಡಿ’ ಎಂಬ ಸಲಹೆ. ಪ್ರಜಾಪ್ರಭುತ್ವದ ಬಗ್ಗೆ ದಿನವಿಡೀ ಮಾತಾಡುವ ಕೂಟದಲ್ಲಿ ಇದಕ್ಕೆ ಬೇಡ ಎನ್ನುವುದು ಮುಜುಗರದ ಕೆಲಸ, ಆದರೂ ಈ ಹೊತ್ತಿನಲ್ಲಿ ಬೇಡವೇ. ಮೊದಲನೆಯದಾಗಿ, ಎಣಿಸಿ ನೋಡಿ, ಇವತ್ತು ಮತ ಹಾಕಿದರೆ ಗೆಲ್ಲುವವರು ನೀವಲ್ಲ. ‘ಹಳಬರಿಗೆ ಮಾತ್ರ ಮತ’ ಎನ್ನುವಿರಾದರೆ, ಹಳಬರು ಯಾರು ಎಂಬ ಗೆರೆ ಎಳೆಯುವವರು ಮತ್ತೆ ನಾವೇ. ಎರಡನೆಯದಾಗಿ, ಎಲ್ಲವನ್ನೂ ಸದಸ್ಯರಿಗೇ ಬಿಟ್ಟು ನೋಡಿದವರ ಕತೆಯೂ ಇದೆ. ಇಂಟರ್ನೆಟ್ಟಿನಲ್ಲಿ ಲ್ಯಾಂಬ್ಡಾಮೂ ಎಂಬ ಪಠ್ಯಲೋಕವೊಂದಿತ್ತು, ಸಾವಿರಾರು ಜನ ಅಕ್ಷರಗಳಲ್ಲೇ ಬದುಕು ಕಟ್ಟಿಕೊಂಡಿದ್ದ ಜಾಗ. ಅದರ ಸ್ಥಾಪಕ ಪಾವೆಲ್ ಕರ್ಟಿಸ್, ನಿರ್ವಾಹಕರು ಇನ್ನು ಮುಂದೆ ತಾಂತ್ರಿಕ ಕೆಲಸ ಮಾತ್ರ ನೋಡಿಕೊಳ್ಳುತ್ತಾರೆ, ಸದಸ್ಯರ ಜಗಳಗಳನ್ನು ಸದಸ್ಯರೇ ತೀರಿಸಿಕೊಳ್ಳಲಿ ಎಂದು 1992ರ ಕೊನೆಗೆ ಘೋಷಿಸಿದರು. ಕೆಲವೇ ತಿಂಗಳಲ್ಲಿ ಒಬ್ಬ ಸದಸ್ಯ ಇತರರ ಪಾತ್ರಗಳ ಮೇಲೆ ಹೇಯವಾದ ದಾಳಿ ನಡೆಸಿದ. ತೀರ್ಪು ಕೊಡುವವರು ಯಾರೂ ಇರಲಿಲ್ಲ. ಸಭೆ ಸೇರಿದರು, ಗಂಟೆಗಟ್ಟಲೆ ಮಾತಾಡಿದರು, ಒಮ್ಮತ ಬರಲಿಲ್ಲ. ಕೊನೆಗೆ ಒಬ್ಬ ನಿರ್ವಾಹಕ ಯಾರನ್ನೂ ಕೇಳದೆ ತಾನೇ ಆ ಖಾತೆಯನ್ನು ಅಳಿಸಿಹಾಕಿದ. ಆಮೇಲೆ ಮನವಿ ಮತ್ತು ಮತದಾನದ ವ್ಯವಸ್ಥೆ ಬಂತು. ಅದೂ ಜಗಳದಲ್ಲೇ ಹೂತುಹೋಗಿ, 1996ರಲ್ಲಿ ನಿರ್ವಾಹಕರು ಅಧಿಕಾರವನ್ನು ವಾಪಸ್ ತೆಗೆದುಕೊಂಡರು. ಯಾರೂ ತೀರ್ಮಾನಿಸುವುದಿಲ್ಲ ಎಂದು ಹೇಳಿದ ಕಡೆಯೂ ಯಾರೋ ಒಬ್ಬರು ತೀರ್ಮಾನಿಸುತ್ತಾರೆ. ಅವರು ಯಾರು, ಯಾಕೆ ಎಂದು ಕೇಳುವ ದಾರಿ ಮಾತ್ರ ಇರುವುದಿಲ್ಲ.

ನಮ್ಮನ್ನು ಕೇಳುವ ದಾರಿಗಳು ಇಲ್ಲಿವೆ. ಯಾವ ಕಾಮೆಂಟ್ ತೆಗೆದರೂ ಯಾವ ನಿಯಮದಡಿ ತೆಗೆದೆವು ಎಂದು ಬರೆದವರಿಗೆ ತಿಳಿಸುತ್ತೇವೆ. ಮೇಲ್ಮನವಿ ಸಲ್ಲಿಸಿದರೆ ಮೊದಲು ತೀರ್ಮಾನಿಸಿದ ಮಾಡರೇಟರ್ ಬಿಟ್ಟು ಇನ್ನೊಬ್ಬರು ನೋಡುತ್ತಾರೆ. ಷಾಡೋಬ್ಯಾನ್ ನಾವು ಬಳಸುವುದಿಲ್ಲ. ಒಬ್ಬರು ಮಾತಾಡುತ್ತಲೇ ಇದ್ದು, ಅದು ಯಾರಿಗೂ ಕೇಳಿಸದಂತೆ ಮಾಡಿ, ಅದನ್ನು ಅವರಿಗೆ ಹೇಳದೇ ಇರುವುದು ಜಾಹೀರಾತು ಹಾವಳಿಯ ಬಾಟ್‌ಗಳಿಗೆ (ತಾವಾಗಿಯೇ ಬರೆಯುವ ಪ್ರೋಗ್ರಾಮುಗಳಿಗೆ) ಸರಿ, ಮನುಷ್ಯರಿಗಲ್ಲ. ರಾಜಕೀಯ ಕೂಟದಲ್ಲಂತೂ ಅದು ಬಯಲಾದ ದಿನ ನಮ್ಮ ಉಳಿದೆಲ್ಲ ತೀರ್ಮಾನಗಳೂ ಸಂಶಯಕ್ಕೆ ಬೀಳುತ್ತವೆ. ಇನ್ನೊಂದು ವಿಷಯ: ರಿಪೋರ್ಟ್ ಒತ್ತುವ ಗುಂಡಿಯನ್ನು ಎದುರಾಳಿಯ ಬಾಯಿ ಕಟ್ಟಲು ಬಳಸುವವರ ವಿರುದ್ಧವೂ ಅದೇ ಮೆಟ್ಟಿಲುಗಳ ದಂಡನೆ ಇದೆ. ಒಂದು ಸಾಧಾರಣ ಭಿನ್ನಾಭಿಪ್ರಾಯದ ಮೇಲೆ ನಿಮಿಷಗಳಲ್ಲಿ ಡಜನ್‌ಗಟ್ಟಲೆ ರಿಪೋರ್ಟ್ ಬಂದರೆ, ಅವು ಬಂದದ್ದು ಎಲ್ಲಿಂದ ಎಂದು ಊಹಿಸಲು ಭಾರೀ ಬುದ್ಧಿ ಬೇಕಿಲ್ಲ.

ಹೊಸದಾಗಿ ಬಂದವರಿಗೆ ಎರಡು ಮಾತು. ನಿಮ್ಮನ್ನು ಇಲ್ಲಿಗೆ ಕರೆತಂದ ಸ್ಕ್ರೀನ್‌ಶಾಟ್‌ನಲ್ಲಿ ಆ ಚರ್ಚೆಯ ಎರಡು ಕಾಮೆಂಟುಗಳಷ್ಟೇ ಇದ್ದವು. ಪೂರ್ತಿ ಚರ್ಚೆ ಈಗಲೂ ಅಲ್ಲೇ ಇದೆ, ಬರೆಯಲು ಕಾಯುತ್ತಿರುವ ದಿನಗಳಲ್ಲಿ ಓದಿ. ಓದಿದ ಮೇಲೂ ನಾವು ತಪ್ಪು ಎನ್ನಿಸಿದರೆ ಅದನ್ನೇ ಬರೆಯಿರಿ. ಬರೆದದ್ದಕ್ಕೆ ನಿಮ್ಮನ್ನು ಯಾರಾದರೂ ‘ಕಳಿಸಿದವರು ಯಾರು’ ಎಂದು ಕೇಳಿದರೆ ಅದನ್ನು ರಿಪೋರ್ಟ್ ಮಾಡಿ, ಆ ಕಾಮೆಂಟ್ ತೆಗೆಯುತ್ತೇವೆ.

ವೇದಿಕೆಗಳ ಒಡೆಯರಾದ ಕಂಪನಿಗಳಿಗೂ ಇದು ತಲುಪಲಿ, ಅವರು ಓದುವ ನಂಬಿಕೆ ಹೆಚ್ಚಿಲ್ಲದಿದ್ದರೂ. 2021ರ ಆಗಸ್ಟ್‌ನಲ್ಲಿ ಟ್ವಿಚ್ ಎಂಬ ನೇರಪ್ರಸಾರದ ತಾಣದಲ್ಲಿ ದ್ವೇಷದ ಬಾಟ್‌ಗಳ ಹಿಂಡು ಕಪ್ಪು ವರ್ಣೀಯರ, ಲೈಂಗಿಕ ಅಲ್ಪಸಂಖ್ಯಾತರ ವಾಹಿನಿಗಳಿಗೆ ನುಗ್ಗಿದಾಗ, ಸೆಪ್ಟೆಂಬರ್ 1ರಂದು ಪ್ರಸಾರಕರು ಒಂದು ದಿನ ವೇದಿಕೆಯನ್ನೇ ಬಿಟ್ಟು ಪ್ರತಿಭಟಿಸಬೇಕಾಯಿತು. ಫೋನ್ ನಂಬರ್ ದೃಢಪಡಿಸಿದವರಿಗೆ ಮಾತ್ರ ಚಾಟ್ ತೆರೆಯುವ ಸೌಲಭ್ಯ ಬಂದದ್ದು ಆ ತಿಂಗಳ ಕೊನೆಗೆ. 2023ರ ಜೂನ್‌ನಲ್ಲಿ ರೆಡಿಟ್ ಬಿಟ್ಟವರು, ಹಲವು ಸ್ವತಂತ್ರ ಸರ್ವರ್‌ಗಳು ಬೆಸೆದುಕೊಂಡು ನಡೆಯುವ ಲೆಮ್ಮಿ ಎಂಬ ಚರ್ಚಾಜಾಲಕ್ಕೆ ಹರಿದುಬಂದಾಗ, ಅಲ್ಲಿನ ಬೀಹಾ ಎಂಬ ಪುಟ್ಟ ಸಮುದಾಯ ಎರಡು ದೊಡ್ಡ ಸರ್ವರ್‌ಗಳ ಸಂಪರ್ಕವನ್ನೇ ಕಡಿದುಕೊಂಡಿತು. ಆ ಸರ್ವರ್‌ಗಳಲ್ಲಿ ನೋಂದಣಿ ಯಾರಿಗೂ ತೆರೆದೇ ಇತ್ತು, ಬರುವವರನ್ನು ಸೋಸಲು ಬೀಹಾದವರ ಬಳಿ ತಕ್ಕ ಸಾಧನಗಳಿರಲಿಲ್ಲ. ವೇಗ ಇಳಿಸುವ ಗುಂಡಿ ಇಲ್ಲದ ಕಡೆ ಬಾಗಿಲು ಹಾಕುವುದೊಂದೇ ಉಳಿಯುತ್ತದೆ. ಆ ಗುಂಡಿಯನ್ನು ಕಂಪನಿಗಳು ಕೊಡದಿರುವುದಕ್ಕೆ ಕಾರಣವೂ ಗೊತ್ತು, ನೂಕುನುಗ್ಗಲು ಅವರ ಲೆಕ್ಕದಲ್ಲಿ ಬೆಳವಣಿಗೆ. ರೆಡಿಟ್‌ನ ಮಾಡರೇಟರುಗಳು ದಿನಕ್ಕೆ ಒಟ್ಟು 466 ಗಂಟೆ ಬಿಟ್ಟಿ ದುಡಿಯುತ್ತಾರೆ, ವರ್ಷಕ್ಕೆ ಅದರ ಬೆಲೆ ಕನಿಷ್ಠ 34 ಲಕ್ಷ ಡಾಲರ್ ಎಂದು 2022ರ ಒಂದು ಅಧ್ಯಯನ ಅಂದಾಜಿಸಿತು. ನಾವು ಸಂಬಳ ಕೇಳುತ್ತಿಲ್ಲ. ಹೊಸ ಖಾತೆಗಳ ಮಿತಿಯನ್ನು ಗಂಟೆಗೆ ಇಷ್ಟು ಎಂದು ನಾವೇ ನಿಗದಿ ಮಾಡುವ ಒಂದು ಆಯ್ಕೆ, ಒಟ್ಟಾಗಿ ಬಂದ ಖಾತೆಗಳನ್ನು ಗುರುತಿಸುವ ಒಂದು ಪಟ್ಟಿ, ಇಷ್ಟು ಸಾಕು.

ಮುಂದಿನ ಕೆಲಸ ಹೀಗಿದೆ. ಈಗಿನ ಕ್ರಮಗಳು ಎರಡು ವಾರಕ್ಕೊಮ್ಮೆ ಪರಿಶೀಲನೆಗೆ ಬರುತ್ತವೆ. ತೆಗೆದುಹಾಕಿದ ಕಾಮೆಂಟುಗಳ ಸಂಖ್ಯೆ, ಯಾವ ನಿಯಮದಡಿ, ಎಷ್ಟು ಮೇಲ್ಮನವಿ ಬಂದವು, ಎಷ್ಟರಲ್ಲಿ ತೀರ್ಮಾನ ಬದಲಾಯಿತು, ಎಷ್ಟು ಹಳೆಯ ಸದಸ್ಯರದು, ಎಷ್ಟು ಹೊಸಬರದು ಎನ್ನುವ ವಿವರವನ್ನು ಪ್ರತಿ ಭಾನುವಾರ ಪ್ರಕಟಿಸುತ್ತೇವೆ. ಹಳೆಯ ಸದಸ್ಯರ ಅಂಕಿ ನೋಡಿ ನಿಮಗೆ ಆಶ್ಚರ್ಯವಾಗಬಹುದು.

ರಾತ್ರಿ ಪಾಳಿಗೆ ಮಾಡರೇಟರುಗಳು ಬೇಕಾಗಿದ್ದಾರೆ. ಬಂದ ದೂರುಗಳನ್ನು ಓದಿ, ಎರಡೂ ಕಡೆಯಿಂದ ಬೈಸಿಕೊಳ್ಳುವ ಕೆಲಸ. ಕೂಟದಲ್ಲಿ ಒಂದು ವರ್ಷ ಕಳೆದಿರಬೇಕು, ಕಳೆದ ಮೂರು ತಿಂಗಳಲ್ಲಿ ದಂಡನೆಗೆ ಒಳಗಾಗಿರಬಾರದು. ನಮ್ಮನ್ನು ಮಾರಿಕೊಂಡವರು ಎಂದು ಬರೆದವರ ಅರ್ಜಿಗಳಿಗೂ ಅಡ್ಡಿಯಿಲ್ಲ.

ಇಂತಿ,
ನಿಮ್ಮ ಮಾಡರೇಟರುಗಳಲ್ಲಿ ಒಬ್ಬ